ದಂಡಿಗೆ ಬಂದ ರೈಲು, ಪೇಟೆಗೆ ಬಂದ ರೈಲು

1864ರ ಆಗಸ್ಟ್ 1ರಂದು ಜೋಲಾರಪೇಟೆ ಕಡೆಯಿಂದ ಹತ್ತಿ ಬಂದ ರೈಲು ಬೆಂಗಳೂರಿನಲ್ಲಿ ನಿಂತ ಜಾಗಕ್ಕೂ ಕೆಂಪೇಗೌಡರು ಕಟ್ಟಿಸಿದ ಪೇಟೆಗೂ ನಡುವೆ ಎರಡೂವರೆ-ಮೂರು ಮೈಲಿ ಅಂತರವಿತ್ತು. ಚಿಕ್ಕಪೇಟೆಯ ವ್ಯಾಪಾರಿ ಮದರಾಸಿಗೆ ಹೊರಟನೆಂದರೆ ಗಾಡಿ ಕಟ್ಟಿಸಿಕೊಂಡು ಕೋಟೆ-ಪೇಟೆಗಳ ಗಡಿ ದಾಟಿ, ಬಯಲನ್ನೂ ಕೆರೆಯ ಏರಿಯನ್ನೂ ಕಳೆದು, ಸಾಹೇಬರ ಬಂಗಲೆಗಳ ಸಾಲಿನ ಆಚೆಗಿದ್ದ ದಂಡಿನ ಸ್ಟೇಷನ್ನಿಗೆ ಹೋಗಬೇಕಿತ್ತು. ಬೆಂಗಳೂರಿಗೆ ರೈಲು ಬಂತು ಎಂದು ಚರಿತ್ರೆಯ ಪುಸ್ತಕಗಳು ಬರೆಯುತ್ತವೆ. ಅಂದು ಬಂದದ್ದು ದಂಡಿಗೆ. ಪೇಟೆಯ ಜನ ತಮ್ಮ ಹೊಸ್ತಿಲ ಹತ್ತಿರ ರೈಲು ಕಾಣಲು ಇನ್ನೂ ಹದಿನೇಳು-ಹದಿನೆಂಟು ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ ನಡುವೆ ನಾಡಿನ ಮೇಲೆ ಒಂದು ಮಹಾ ಬರ ಬಿತ್ತು. ಇವತ್ತು ನಾವು ಸಿಟಿ ಸ್ಟೇಷನ್ ಎಂದು ಕರೆಯುವ, ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ನಿಲ್ದಾಣದ ಬುನಾದಿ ಇರುವುದು ಆ ಬರದಲ್ಲಿ. ಈ ಸಂಚಿಕೆಯಲ್ಲಿ ಎಂಜಿನ್ನುಗಳ, ಸೇತುವೆಗಳ, ಅಧಿಕಾರಿಗಳ ಕಥೆ ಸಾಕಷ್ಟು ಬರುತ್ತದೆ ಎಂದು ತಿಳಿದಿದ್ದೇನೆ. ಹಾಗಾಗಿ ಬುನಾದಿಯ ಕಥೆಗೆ ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ದಂಡಿನ ಸಂಗತಿ. ಶ್ರೀರಂಗಪಟ್ಟಣದ ಜ್ವರದ ಹವೆ ಬ್ರಿಟಿಷ್ ಸಿಪಾಯಿಗಳಿಗೆ ಒಗ್ಗದೆ, 1809ರಲ್ಲಿ ಪಡೆ ಬೆಂಗಳೂರಿಗೆ ಬಂದು ಹಲಸೂರಿನ ಸುತ್ತ ನೆಲೆ ಹೂಡಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿ ಸರ್ಕಾರ ತೆಗೆದುಕೊಂಡ ಮೇಲೆ ಕಮಿಷನರರ ಕಚೇರಿಯೂ ಬೆಂಗಳೂರಿಗೇ ಬಂತು. ಪಡೆ ಇಲ್ಲಿ, ಅಧಿಕಾರ ಇಲ್ಲಿ, ಆದರೆ ಬಂದರು ಇದ್ದದ್ದು ಮದರಾಸಿನಲ್ಲಿ. ಸಿಪಾಯಿ, ಮದ್ದುಗುಂಡು, ಟಪಾಲು ಎಲ್ಲವೂ ಎತ್ತಿನ ಗಾಡಿಯಲ್ಲೇ ಘಟ್ಟ ಹತ್ತಿ ಬರಬೇಕಿತ್ತು. ಮದ್ರಾಸ್ ರೈಲ್ವೆ ಕಂಪನಿ 1856ರಲ್ಲಿ ರಾಯಪುರಂನಿಂದ ವಾಲಾಜಾವರೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲನ್ನು ಓಡಿಸಿತು. 1862ರ ಹೊತ್ತಿಗೆ ಆ ಹಳಿ ಪಶ್ಚಿಮ ಕರಾವಳಿಯ ಬೇಪೂರು ಮುಟ್ಟಿತು. ಆ ದೊಡ್ಡ ಮಾರ್ಗಕ್ಕೆ ಜೋಲಾರಪೇಟೆಯಲ್ಲಿ ಒಂದು ಕವಲು ಕೊಟ್ಟು ಬೆಂಗಳೂರಿಗೆ ಎಳೆದರು. ಉದ್ದ ಸುಮಾರು 140 ಕಿ.ಮೀ. ಅಷ್ಟರಲ್ಲಿ ರೈಲು ಸುಮಾರು 500 ಮೀಟರ್ ಎತ್ತರಕ್ಕೆ ಏರಬೇಕು. ಕುಪ್ಪಂ, ಕಾಮಸಮುದ್ರ, ಬೌರಿಂಗ್‌ಪೇಟೆ, ಟೇಕಲ್, ಮಾಲೂರು ದಾಟಿ ಹಳಿ ಬಯಲುಸೀಮೆಯ ತಂಪಿಗೆ ಬರುತ್ತದೆ. ಬೌರಿಂಗ್‌ಪೇಟೆ ಆಗಿನ ಕಮಿಷನರ್ ಲೂಯಿನ್ ಬೌರಿಂಗರ ಹೆಸರಿನ ಊರು, ಇಂದಿನ ಬಂಗಾರಪೇಟೆ. ಅಲ್ಲಿಂದ 1894ರಲ್ಲಿ ಚಿನ್ನದ ಗಣಿಗಳ ಮಾರಿಕುಪ್ಪಂಗೆ ಒಂದು ಚಿಕ್ಕ ಕವಲು ಹೋಯಿತು. ಕೋಲಾರದ ಚಿನ್ನವೂ ಗಣಿಯ ಕೂಲಿಯೂ ಓಡಾಡಿದ್ದು ಆ ಕವಲಿನಲ್ಲೇ.

ದಂಡಿನ ಸ್ಟೇಷನ್ನು ಎಷ್ಟೋ ಪ್ರಯಾಣಗಳ ಕೊನೆಯಾಗಿತ್ತು, ಎಷ್ಟೋ ಬದುಕುಗಳ ಆರಂಭವೂ ಆಗಿತ್ತು. ಮದರಾಸಿನ ಕಡೆಯಿಂದ ಕೆಲಸ ಹುಡುಕಿ ಬಂದವರು, ಪಡೆಯ ಜೊತೆಗೆ ಬಂದ ವರ್ತಕರು, ರೈಲ್ವೆಯಲ್ಲೇ ನೌಕರಿ ಹಿಡಿದ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಲ್ಲಿಳಿದು ಸುತ್ತಮುತ್ತ ಮನೆ ಮಾಡಿದರು. ತಮಿಳು, ತೆಲುಗು, ದಖನಿ, ಇಂಗ್ಲಿಷ್ ಅಲ್ಲಿನ ಪ್ಲಾಟ್‌ಫಾರಂನ ಮಾತುಗಳಾದವು. ಪೇಟೆಯ ಕನ್ನಡಿಗನಿಗೆ ಆ ಸ್ಟೇಷನ್ನು ಮೊದಲ ದಶಕಗಳಲ್ಲಿ ಸ್ವಲ್ಪ ಪರಸ್ಥಳದಂತೆಯೇ ಕಂಡಿರಬೇಕು.

ಈಗ ಬರದ ಕಡೆಗೆ ಬರೋಣ.

1876ರ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಶುರುವಾದ ಬರ ಈಶ್ವರ ಸಂವತ್ಸರಕ್ಕೂ ದಾಟಿತು. ನಮ್ಮ ಹಿರಿಯರು ಅದನ್ನು ಧಾತು-ಈಶ್ವರದ ಬರ ಎಂದೇ ನೆನೆಯುತ್ತಿದ್ದರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಹಳ ಕಾಲ ವಯಸ್ಸನ್ನು ಎಣಿಸುವಾಗಲೂ ‘ಆ ಬರಕ್ಕೆ ಮುಂಚೆ ಹುಟ್ಟಿದವ, ಆಮೇಲೆ ಹುಟ್ಟಿದವ’ ಎನ್ನುವ ಮಾತಿತ್ತು. ರಾಗಿಯ ಹಗೇವುಗಳು ಬರಿದಾದವು. ಕೆರೆಗಳು ಒಡಲು ಬಿರಿದು ಬಿದ್ದವು. ದನಕ್ಕೆ ಮೇವಿಲ್ಲ. ಈ ಕೊನೆಯ ಮಾತು ರೈಲಿನ ಕಥೆಗೆ ಬಹಳ ಮುಖ್ಯ. ಮದರಾಸಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ದಂಡಿನ ಸ್ಟೇಷನ್ನೇ ಹಳಿಯ ಕೊನೆ. ಅಲ್ಲಿಂದ ತುಮಕೂರಿಗೆ, ಚಿತ್ರದುರ್ಗಕ್ಕೆ, ಮಂಡ್ಯಕ್ಕೆ ಮೂಟೆ ಸಾಗಿಸಲು ಗಾಡಿ ಬೇಕು, ಗಾಡಿಗೆ ಎತ್ತು ಬೇಕು. ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಊರ ಹತ್ತಿರ ಧಾನ್ಯವಿದ್ದೂ ಒಳನಾಡಿನ ಜನ ಹಸಿದು ಸಾಯುವ ಸ್ಥಿತಿ ಬಂತು. ನಡೆಯುವ ಶಕ್ತಿ ಇದ್ದವರು ಬೆಂಗಳೂರಿನ ಗಂಜಿ ಕೇಂದ್ರಗಳ ಕಡೆಗೆ ನಡೆದರು. ದಾರಿಯಲ್ಲೇ ಬಿದ್ದವರ ಲೆಕ್ಕ ಯಾರಿಟ್ಟರು?

ಒಟ್ಟು ಲೆಕ್ಕ ಮಾತ್ರ ಜನಗಣತಿಯಲ್ಲಿ ಸಿಗುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕಡಿಮೆ. ಹತ್ತು ವರ್ಷದಲ್ಲಿ ಸಹಜವಾಗಿ ಹುಟ್ಟಿ ಬೆಳೆಯಬೇಕಾಗಿದ್ದವರನ್ನು ಲೆಕ್ಕಕ್ಕೆ ಹಿಡಿಯದೆಯೂ ಎಂಟು ಲಕ್ಷಕ್ಕೂ ಮಿಕ್ಕಿ ಜನ ಕಡಿಮೆಯಾಗಿದ್ದರು.

ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಕಬೇಕೆಂಬ ಮಾತು ಬರಕ್ಕಿಂತ ಮುಂಚೆಯೇ ಇತ್ತು. ಬರ ಅದನ್ನು ಕೆಲಸಕ್ಕೆ ಇಳಿಸಿತು. ಸಂಸ್ಥಾನದ ಬರ ಪರಿಹಾರದ ಹೊಣೆ ಹೊತ್ತ ಚಾರ್ಲ್ಸ್ ಎಲಿಯಟ್ ಮತ್ತವರ ಜೊತೆಯವರು, ಊರೂರಿನ ಗಂಜಿ ಕೇಂದ್ರಗಳಲ್ಲಿ ಜನ ಕೂರುವ ಬದಲು ದೊಡ್ಡ ಕಾಮಗಾರಿಗೆ ಬಂದು ಕೂಲಿ ಪಡೆಯಲಿ ಎಂಬ ನೀತಿಯನ್ನು ಹಿಡಿದರು. ಮೈಸೂರು ರೈಲ್ವೆಯ ಮಣ್ಣಿನ ಕೆಲಸ ಹಾಗೆ ಬರ ಪರಿಹಾರದ ಕಾಮಗಾರಿಯಾಯಿತು. ಆ ನೀತಿ ಸರಿಯೇ ಎಂಬ ಪ್ರಶ್ನೆಗೆ ನನ್ನ ಮನಸ್ಸು ಪೂರ್ತಿ ಹೌದು ಎನ್ನುವುದಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮೈಗಳನ್ನು ಮನೆಯಿಂದ ದೂರ ಕರೆದು ಗುದ್ದಲಿ ಹಿಡಿಸುವುದು ಕರುಣೆಯ ಕೆಲಸವೆಂದು ಹೇಳಲಾರೆ. ಆದರೆ ಆ ಕೂಲಿಯಿಂದ ಜೀವ ಉಳಿಸಿಕೊಂಡವರೂ ಇದ್ದರು ಎಂಬುದನ್ನು ಮರೆಯಲಾರೆ.

ರೈಲು ಹಳಿಯ ಏರಿ ಹೇಗೆ ಏಳುತ್ತದೆ ಎಂಬುದನ್ನು ಬಲ್ಲವರಿಗೆ ಆ ದುಡಿಮೆ ಏನೆಂದು ಗೊತ್ತು. ತಗ್ಗು ಬಂದ ಕಡೆ ಮಣ್ಣು ತುಂಬಬೇಕು, ದಿಣ್ಣೆ ಬಂದ ಕಡೆ ಕಡಿಯಬೇಕು. ಅಗೆಯುವವರು ಅಗೆದು ಕೊಟ್ಟ ಮಣ್ಣನ್ನು ಹೆಂಗಸರೂ ಮಕ್ಕಳೂ ಮಂಕರಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಏರಿಗೆ ಸುರಿಯಬೇಕು. ಸುರಿದದ್ದನ್ನು ದಮ್ಮಸ್ಸು ಮಾಡಬೇಕು. ಬೆಂಗಳೂರಿನಿಂದ ಮೈಸೂರಿಗೆ 86 ಮೈಲಿ. ಕೆಂಗೇರಿಯ ಬಂಡೆ ನೆಲ, ರಾಮನಗರದ ಗುಡ್ಡಗಳ ಸೆರಗು, ಮದ್ದೂರಿನ ಶಿಂಷಾ, ಶ್ರೀರಂಗಪಟ್ಟಣದ ಕಾವೇರಿಯ ಎರಡು ಕವಲುಗಳು. ಈ ಉದ್ದಕ್ಕೂ ಇವತ್ತು ಕಿಟಕಿಯ ಪಕ್ಕ ಕೂತು ಹೋಗುವಾಗ ಹಳಿ ಸುತ್ತಲಿನ ಗದ್ದೆಗಿಂತ ಆಳೆತ್ತರ ಮೇಲೆ ಇರುವ ಜಾಗಗಳು ಸಿಗುತ್ತವೆ. ಆಮೇಲಿನ ವರ್ಷಗಳಲ್ಲಿ ಅಗಲವಾದ, ಎತ್ತರವಾದ, ಜೋಡಿ ಹಳಿಯನ್ನು ಹೊತ್ತ ಆ ಏರಿಯ ಅಡಿಯಲ್ಲಿ ಎಲ್ಲೋ ಬರಗಾಲದ ಮಂಕರಿಯ ಮಣ್ಣಿದೆ.

ಸಂಸ್ಥಾನ ಆರಿಸಿಕೊಂಡದ್ದು ಮೀಟರ್‌ಗೇಜ್. ಗವರ್ನರ್ ಜನರಲ್ ಮೇಯೋರ ಕಾಲದಲ್ಲಿ, 1870ರ ಸುಮಾರಿಗೆ, ಸರ್ಕಾರಿ ಹಣದಲ್ಲಿ ಹಾಕುವ ಹೊಸ ಮಾರ್ಗಗಳಿಗೆ ಅಗಲ ಕಡಿಮೆಯ ಹಳಿ ಸಾಕು ಎಂದು ತೀರ್ಮಾನವಾಗಿತ್ತು. ಹಳಿ ಹಗುರ, ಸೇತುವೆ ಚಿಕ್ಕದು, ತಿರುವು ಬಿಗಿ, ಖರ್ಚು ಕಡಿಮೆ. ಬರದ ಸಾಲ ಹೊತ್ತ ಸಂಸ್ಥಾನಕ್ಕೆ ಇನ್ನೊಂದು ದಾರಿಯೂ ಇರಲಿಲ್ಲ. 1881ರ ಮಾರ್ಚ್ 25ರಂದು ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸಿದಾಗ ಮೈಸೂರು ಮಾರ್ಗದ ಕೆಲಸ ಅರ್ಧ ದಾರಿಯಲ್ಲಿತ್ತು. ದಿವಾನ್ ರಂಗಾಚಾರ್ಲು ಅದನ್ನು ನಿಲ್ಲಲು ಬಿಡಲಿಲ್ಲ. ಬೊಕ್ಕಸ ಬರಿದಾಗಿದ್ದರೂ ರೈಲಿಗೆ ಹಣ ಹೊಂದಿಸಿದ ಆ ದಿವಾನರ ದೂರದೃಷ್ಟಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಧಾನ್ಯ ಸ್ಟೇಷನ್ನಿನಲ್ಲಿ ರಾಶಿ ಬಿದ್ದು ಜನ ಹಳ್ಳಿಯಲ್ಲಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದ ಆಡಳಿತಗಾರ ಅವರು. 1882ರಲ್ಲಿ ರೈಲು ಮೈಸೂರು ಮುಟ್ಟಿತು.

ಈ ಮಾರ್ಗ ಹೊರಡುವುದಕ್ಕೆ ಬೆಂಗಳೂರಿನಲ್ಲಿ ಒಂದು ನಿಲ್ದಾಣ ಬೇಕಲ್ಲ? ಅದಕ್ಕೆ ಆರಿಸಿದ ಜಾಗ ಪೇಟೆಯ ಪಶ್ಚಿಮದ ಅಂಚು, ಧರ್ಮಾಂಬುಧಿ ಕೆರೆಯ ಎದುರು. ಪೇಟೆಗೆ ತಲೆತಲಾಂತರದಿಂದ ನೀರುಣಿಸಿದ ಕೆರೆ ಅದು. ಸ್ಟೇಷನ್ನಿನಿಂದ ಹೊರಗೆ ಬಂದ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಕೆರೆಯ ನೀರು, ಅದರಾಚೆಗೆ ಪೇಟೆಯ ಹೆಂಚಿನ ಮನೆಗಳು. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್ ಹಳಿಯನ್ನೂ ದಂಡಿನಿಂದ ಅಲ್ಲಿಗೇ ತಂದು ಜೋಡಿಸಿದರು. ಹೀಗೆ 1880ರ ದಶಕದ ಆರಂಭದಲ್ಲಿ ಪೇಟೆಗೆ ತನ್ನದೇ ಸ್ಟೇಷನ್ನು ಸಿಕ್ಕಿತು. ಒಂದು ಕಡೆ 1676 ಮಿಲಿಮೀಟರ್ ಅಗಲದ ಕಂಪನಿಯ ಹಳಿ, ಇನ್ನೊಂದು ಕಡೆ 1000 ಮಿಲಿಮೀಟರ್ ಅಗಲದ ಸಂಸ್ಥಾನದ ಹಳಿ. ಎರಡೂ ಒಂದೇ ನಿಲ್ದಾಣದಲ್ಲಿ ಎದುರುಬದುರು ನಿಂತವು, ಒಂದರ ಮೇಲೆ ಇನ್ನೊಂದರ ಗಾಡಿ ಓಡದು.

ಈ ಒಂದು ಅಡಚಣೆ ಬೆಂಗಳೂರಿನ ಆ ಭಾಗದ ಬದುಕನ್ನೇ ರೂಪಿಸಿತು ಎಂದರೆ ಹೆಚ್ಚಾಗದು. ಮದರಾಸಿನಿಂದ ಬಂದ ಮಾಲು ಮೈಸೂರಿಗೋ ತಿಪಟೂರಿಗೋ ಹೋಗಬೇಕಾದರೆ ಬ್ರಾಡ್‌ಗೇಜ್ ವ್ಯಾಗನ್ನಿನಿಂದ ಇಳಿಸಿ ಮೀಟರ್‌ಗೇಜ್ ವ್ಯಾಗನ್ನಿಗೆ ಏರಿಸಬೇಕು. ಮಲೆನಾಡಿನ ಅಡಿಕೆ, ತಿಪಟೂರಿನ ಕೊಬ್ಬರಿ ಮದರಾಸಿಗೆ ಹೋಗಬೇಕಾದರೆ ಅದೇ ಕೆಲಸ ತಿರುಗಮುರುಗ. ದೊಡ್ಡ ವ್ಯಾಗನ್ನಿನ ಮಾಲು ಚಿಕ್ಕ ವ್ಯಾಗನ್ನು ಒಂದರಲ್ಲಿ ಹಿಡಿಯದು, ಮಿಕ್ಕಿದ್ದಕ್ಕೆ ಇನ್ನೊಂದು ಬೇಕು. ಹಮಾಲರು ತಲೆಗೂ ಬೆನ್ನಿಗೂ ಗೋಣಿಯ ಕೊಪ್ಪೆ ಹಾಕಿ, ಕೈಯಲ್ಲಿ ಕೊಕ್ಕೆ ಹಿಡಿದು, ಹಲಗೆಯ ಮೇಲೆ ಹೆಜ್ಜೆ ಅಳೆದು ಮೂಟೆ ದಾಟಿಸುತ್ತಿದ್ದರು. ಜೋಡಿ ಆಳು ಮೂಟೆಯನ್ನು ಎತ್ತಿ ಒಬ್ಬನ ಬೆನ್ನಿಗೆ ಕೊಡುವುದು, ಅವನು ಬಾಗಿದ ನಡುವಿನಲ್ಲೇ ಓಡುನಡಿಗೆಯಲ್ಲಿ ಹಲಗೆ ದಾಟಿ ಒಳಗೆ ಸಾಲಿಗೆ ಇಳಿಸುವುದು, ಬರಿ ಬೆನ್ನಿನಲ್ಲಿ ಮರಳುವುದು. ಅಕ್ಕಿಯ ಮೂಟೆ ಒಂದು ಬಗೆಯ ಭಾರ, ಉಪ್ಪಿನ ಮೂಟೆ ಇನ್ನೊಂದು ಬಗೆಯದು. ಉಪ್ಪು ಬೆವರಿಗೆ ಕರಗಿ ಬೆನ್ನಿನ ಗಾಯಕ್ಕೆ ಇಳಿಯುತ್ತದೆ. ಗೂಡ್ಸ್ ಶೆಡ್ಡಿನ ಸುತ್ತ ಬೆಳೆದ ಮಂಡಿಗಳು, ಗೋದಾಮುಗಳು, ಗಾಡಿ ಕಟ್ಟುವ ಅಡ್ಡೆಗಳು, ಚಹಾದ ಅಂಗಡಿಗಳು, ತರಗುಪೇಟೆಯ ವ್ಯಾಪಾರ ಎಲ್ಲಕ್ಕೂ ಈ ಬೆನ್ನುಗಳೇ ಆಧಾರ. ಗೂಡ್ಸ್ ಶೆಡ್ ರಸ್ತೆಗೆ ಈಗ ಬೇರೆ ಹೆಸರಿದ್ದರೂ ಹಳಬರ ಬಾಯಲ್ಲಿ ಆ ಹೆಸರೇ ಉಳಿದಿದೆ. ಬಿನ್ನಿ ಮಿಲ್ಲಿನಂಥ ಬಟ್ಟೆ ಗಿರಣಿಗಳು ಸ್ಟೇಷನ್ನಿನ ಪಶ್ಚಿಮಕ್ಕೇ ಬಂದು ನೆಲೆಸಿದ್ದು ಕೂಡ ಹಳಿಯ ಸಲುವಾಗಿಯೇ. ಹತ್ತಿ ಇಳಿಯುವುದೂ ಬಟ್ಟೆ ಹತ್ತುವುದೂ ಕೈಯಳತೆಯಲ್ಲಿತ್ತು.

ಸಂಸ್ಥಾನದ ರೈಲು ಮೈಸೂರಿನಲ್ಲೇ ನಿಲ್ಲಲಿಲ್ಲ. 1884ರಲ್ಲಿ ಬೆಂಗಳೂರು-ತುಮಕೂರು ಮಾರ್ಗ ತೆರೆಯಿತು, ಮುಂದೆ ಗುಬ್ಬಿ, ಅಲ್ಲಿಂದ 1889ರ ಹೊತ್ತಿಗೆ ಹರಿಹರ. ತುಂಗಭದ್ರೆಯ ದಡ ಮುಟ್ಟಿದ ಮೇಲೆ ಹುಬ್ಬಳ್ಳಿ, ಪುಣೆಯ ದಾರಿ ತೆರೆಯಿತು. ಇದಕ್ಕೆ ಸಂಸ್ಥಾನ ಕೊಟ್ಟ ಬೆಲೆ ಎಂದರೆ ತನ್ನ ಮಾರ್ಗಗಳ ಆಡಳಿತವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಒಪ್ಪಿಸಿದ್ದು. ಹಣ ಹೊಂದಿಸಲು ಆಗ ಅದೇ ದಾರಿ ಕಂಡಿತು. ತಾನು ಕಟ್ಟಿದ ಹಳಿಯ ಮೇಲೆ ಇನ್ನೊಬ್ಬರ ಗಾಡಿ ಓಡುವುದನ್ನು ಮೈಸೂರು ಮೂರು ದಶಕಕ್ಕೂ ಹೆಚ್ಚು ಕಾಲ ನೋಡಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಾರ್ಗಗಳನ್ನು ಸಂಸ್ಥಾನಕ್ಕೆ ಹಿಂಪಡೆಯುವ ಯತ್ನ ಬಿಗಿಯಾಯಿತು. 1919ರಲ್ಲಿ ಕೆಲವು, 1938ರಲ್ಲಿ ಉಳಿದವು ಮೈಸೂರಿನ ಕೈಗೆ ಬಂದವು. ವಿಶ್ವೇಶ್ವರಯ್ಯನವರ ಕಾಲದಲ್ಲೇ ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 762 ಮಿಲಿಮೀಟರಿನ ನ್ಯಾರೋಗೇಜ್ ಹಳಿಗಳು ಬಂದವು. ಬೆಂಗಳೂರಿನ ಸುತ್ತ ಆಗ ಮೂರು ಅಳತೆಯ ರೈಲುಗಳು ಓಡುತ್ತಿದ್ದವು.

ರೈಲು ತಂದದ್ದೆಲ್ಲ ಒಳಿತಲ್ಲ. ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಹಳಿ ಹಿಡಿದು 1898ರಲ್ಲಿ ಬೆಂಗಳೂರಿಗೆ ಬಂತು. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಬಟ್ಟೆಬರೆಗೆ ಔಷಧಿ, ಅನುಮಾನ ಬಂದವರನ್ನು ಊರ ಹೊರಗಿನ ಶೆಡ್ಡುಗಳಿಗೆ ಒಯ್ಯುವುದು ನಡೆದವು. ಪೇಟೆಯ ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ತುಂಬಿದ್ದಕ್ಕೆ ಆ ಪ್ಲೇಗೇ ಕಾರಣ.

ಇಷ್ಟು ಜನ ಬಂದಿಳಿಯುವ ಜಾಗದಲ್ಲಿ ತಂಗುವುದಕ್ಕೆ ನೆಲೆ ಬೇಕಿತ್ತು. ಅದನ್ನು ಕೊಟ್ಟವರು ಸರ್ಕಾರದವರಲ್ಲ, ಕಂಪನಿಯವರೂ ಅಲ್ಲ, ಪೇಟೆಯ ಒಬ್ಬ ವರ್ತಕ. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನು ಧರ್ಮಕ್ಕೆ ಬಿಟ್ಟು, ಸಿಟಿ ಸ್ಟೇಷನ್ನಿನ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ತೆರೆದರು. ರೈಲಿಳಿದು ನಡೆದೇ ಹೋಗಬಹುದಾದ ದೂರ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ತೀರ್ಥಯಾತ್ರೆಗೆ ಹೊರಟವರು ಅಲ್ಲಿ ತಂಗಿದರು. ಅದಕ್ಕಿಂತ ದೊಡ್ಡ ಮಾತು, ಓದಲು ಬಂದ ಹಳ್ಳಿಯ ಹುಡುಗರಿಗೆ ಅಲ್ಲಿ ವಿದ್ಯಾರ್ಥಿ ನಿಲಯ ಸಿಕ್ಕಿತು. ತುಮಕೂರು, ಹಾಸನ, ಚಿತ್ರದುರ್ಗದ ಕಡೆಯ ಎಷ್ಟೋ ಮನೆಗಳ ಮೊದಲ ಬಿ.ಎ., ಮೊದಲ ಎಂಜಿನಿಯರು ಆ ಆಶ್ರಯದಲ್ಲಿ ಓದಿದವರು. ಟ್ರಂಕು, ಹಾಸಿಗೆ ಸುರುಳಿ, ಊರಿಂದ ತಂದ ಹುರಿಟ್ಟಿನ ಗಂಟು ಹಿಡಿದು ಮೀಟರ್‌ಗೇಜ್ ಗಾಡಿಯಿಂದ ಇಳಿದ ಹುಡುಗನಿಗೆ ಸ್ಟೇಷನ್ನು ಮತ್ತು ಛತ್ರ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಚರಿತ್ರೆಯಲ್ಲಿ ತೋಟದಪ್ಪನವರಿಗೆ ಯಾವ ಚೀಫ್ ಎಂಜಿನಿಯರಿಗಿಂತಲೂ ಕಡಿಮೆಯಲ್ಲದ ಸ್ಥಾನ ಕೊಡಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಅವರಿಗೆ ‘ರಾವ್ ಬಹದ್ದೂರ್’ ಬಿರುದೂ ‘ಧರ್ಮಪ್ರವರ್ತ’ ಬಿರುದೂ ಬಂದವು. 1910ರಲ್ಲಿ ಅವರು ತೀರಿಕೊಂಡರು.

ಊಟ-ತಿಂಡಿಯ ಕಡೆಗೂ ಒಂದು ಮಾತು. ಮೈಸೂರು ಮಾರ್ಗದ ಮದ್ದೂರು ಸ್ಟೇಷನ್ನಿನಲ್ಲಿ 1917ರಲ್ಲಿ, ರೈಲು ಬಂದುಬಿಡುವ ಅವಸರದಲ್ಲಿ ತಟ್ಟಿ ಕರಿದ ವಡೆಯೇ ಮದ್ದೂರು ವಡೆಯಾಯಿತು ಎಂದು ಹೇಳುತ್ತಾರೆ. ಬರದ ಗಂಜಿಗಾಗಿ ಮಣ್ಣು ಹೊತ್ತ ಹಾದಿಯಲ್ಲಿ ನಾಲ್ಕು ದಶಕ ಕಳೆಯುವುದರೊಳಗೆ ಇಂಥ ತಿನಿಸೊಂದು ಹೆಸರು ಮಾಡಿತಲ್ಲ ಎಂದು ನೆನೆದಾಗ ಮನಸ್ಸಿಗೆ ಸಮಾಧಾನವಾಗುತ್ತದೆ.

ಊರು ನೆನಪಿಡುವಂಥ ಹೋಗು-ಬರುವುಗಳೂ ಆ ಕಾಲದಲ್ಲಿ ನಡೆದವು. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಕುದುರೆಗಳ ಸಮೇತ ಹಡಗು ಹಿಡಿಯಲು ಹೊರಟಿತು. ನಾಲ್ಕು ವರ್ಷದ ಮೇಲೆ ಹೈಫಾದಲ್ಲಿ ಅವರು ಕಾದಿದ ಕಾಳಗ ಲೋಕಪ್ರಸಿದ್ಧ. 1915ರ ಮೇ 8ರಂದು ಗಾಂಧೀಜಿ ಬೆಂಗಳೂರಿಗೆ ಬಂದರು. ಡಿ.ವಿ. ಗುಂಡಪ್ಪನವರು ಮುಂತಾದವರ ಕರೆಯ ಮೇರೆಗೆ ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಲು ಬಂದದ್ದು. ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆಯುವುದು ದೊಡ್ಡವರಿಗೆ ತೋರುವ ಗೌರವವೆಂದು ಅಂದಿನ ತರುಣರು ತಿಳಿದಿದ್ದರು. ಹಾಗೆ ಎಳೆದು ಸಾರ್ವಜನಿಕ ಕೆಲಸ ಮಾಡುವವರನ್ನು ಕೆಡಿಸಬೇಡಿ, ಅವರು ಸದ್ದಿಲ್ಲದೆ ದುಡಿಯಲಿ ಎಂದು ಗಾಂಧೀಜಿ ಅವತ್ತಿನ ಭಾಷಣದಲ್ಲೇ ಹೇಳಿದರು. ಮಹಾತ್ಮ ಎಂಬ ಹೆಸರು ಊರೂರಿಗೂ ಹರಡುವುದಕ್ಕೆ ಮುಂಚಿನ ಮಾತು ಇದು.

ದಂಡೂ ಪೇಟೆಯೂ ಆಡಳಿತದಲ್ಲಿ ಒಂದಾಗಲು ಸ್ವಾತಂತ್ರ್ಯವೇ ಬರಬೇಕಾಯಿತು. 1947ರಲ್ಲಿ ದಂಡಿನ ಪ್ರದೇಶ ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆಯಿತು. 1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರನ್ನೂ ಸೇರಿಸಿ ದಕ್ಷಿಣ ರೈಲ್ವೆ ಮಾಡಿದರು. ಕಾಗದದ ಮೇಲೆ ಒಂದಾದರೂ ನೆಲದ ಮೇಲೆ ಎರಡು ಗೇಜುಗಳು ಹಾಗೆಯೇ ಉಳಿದವು. ಹಮಾಲರ ಬೆನ್ನಿಗೆ ಬಿಡುವಾಗಲಿಲ್ಲ. 1964ರಲ್ಲಿ ಬಂದ ಬೃಂದಾವನ್ ಎಕ್ಸ್‌ಪ್ರೆಸ್ ಬೆಂಗಳೂರು-ಮದರಾಸಿನ ನಡುವೆ ವೇಗದ ಹಗಲು ಪ್ರಯಾಣವನ್ನು ಕೊಟ್ಟಿತು. ಅದರಲ್ಲಿ ಬಂದವರು ಮೈಸೂರಿಗೆ ಹೋಗಬೇಕಾದರೆ ಮಾತ್ರ ಗಂಟುಮೂಟೆ ಹೊತ್ತು ಮೀಟರ್‌ಗೇಜ್ ಗಾಡಿಗೆ ಹೋಗಿ ಹತ್ತಬೇಕಿತ್ತು.

ಅತ್ತ ಸ್ಟೇಷನ್ನಿನ ಎದುರಿನ ನೋಟವೂ ಬದಲಾಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂದ ಮೇಲೆ ಧರ್ಮಾಂಬುಧಿಯನ್ನು ಕೇಳುವವರಿಲ್ಲದಾಯಿತು. ಮೆಲ್ಲಮೆಲ್ಲಗೆ ಒಣಗಿ ಬಯಲಾಯಿತು. ಆ ಬಯಲೇ ಮುಂದೆ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತ ನಿಂತ ಇವತ್ತಿನ ತರುಣನಿಗೆ ತಾನು ನಿಂತದ್ದು ಕೆರೆಯಂಗಳದಲ್ಲಿ ಎಂದು ಯಾರೂ ಹೇಳುವುದಿಲ್ಲ. ಜೋರು ಮಳೆ ಬಂದ ದಿನ ಅಲ್ಲಿ ನೀರು ನಿಂತಾಗ ಮಾತ್ರ ಕೆಲವರಿಗೆ ನೆನಪಾಗುತ್ತದೆ.

1981ರಲ್ಲಿ ರೈಲ್ವೆಯ ಬೆಂಗಳೂರು ವಿಭಾಗ ಆಯಿತು. 1980ರ ದಶಕದಲ್ಲಿ ಗುಂತಕಲ್ ಕಡೆಯ ಹಳಿ, 1990ರ ದಶಕದಲ್ಲಿ ಮೈಸೂರು, ಹುಬ್ಬಳ್ಳಿ ಕಡೆಯವು ಬ್ರಾಡ್‌ಗೇಜ್ ಆದವು. ನೂರು ವರ್ಷಕ್ಕೂ ಹೆಚ್ಚು ಕಾಲ ಮೂಟೆ ದಾಟಿಸಿದ ಕೆಲಸ ಅಲ್ಲಿಗೆ ಮುಗಿಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈರುತ್ಯ ರೈಲ್ವೆ ಕೆಲಸ ಶುರುಮಾಡಿತು. ಮೈಸೂರು ಮಾರ್ಗವನ್ನು ಜೋಡಿ ಹಳಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯದೆ, ಬುಡಸಮೇತ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಕೂರಿಸಿದರು. ಸಾವಿರ ಟನ್ ತೂಕದ ಕಟ್ಟಡಕ್ಕೆ ತೋರಿಸಿದ ಆ ಜತನ ರೈಲ್ವೆಗೆ ಮನಸ್ಸಿದ್ದರೆ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಚಿಕ್ಕಬಳ್ಳಾಪುರ ಮಾರ್ಗದ ದೊಡ್ಡಜಾಲ, ದೇವನಹಳ್ಳಿಯ ಪುಟ್ಟ ಕಲ್ಲಿನ ಸ್ಟೇಷನ್ನುಗಳನ್ನೂ ಇತ್ತೀಚೆಗೆ ಇಂಟ್ಯಾಕ್ ಸಂಸ್ಥೆಯ ಜೊತೆಗೂಡಿ ಜೀರ್ಣೋದ್ಧಾರ ಮಾಡಿದ್ದು ಸಂತೋಷದ ಸಂಗತಿ.

2022ರ ನವೆಂಬರಿನಲ್ಲಿ ಚೆನ್ನೈ-ಮೈಸೂರು ವಂದೇ ಭಾರತ್ ರೈಲಿಗೆ ಸಿಟಿ ಸ್ಟೇಷನ್ನಿನಲ್ಲೇ ಹಸಿರು ನಿಶಾನೆ ತೋರಿಸಿದರು. ಜೋಲಾರಪೇಟೆಯಿಂದ 1864ರ ಮಾರ್ಗದಲ್ಲಿ ಹತ್ತಿ ಬಂದ ಗಾಡಿ, ಸಿಟಿಯಲ್ಲಿ ತುಸು ನಿಂತು, 1882ರ ಮಾರ್ಗದಲ್ಲಿ ಮೈಸೂರಿಗೆ ಹೋಗುತ್ತದೆ. ಒಳಗೆ ಕೂತವರು ಇಳಿಯಬೇಕಿಲ್ಲ, ಮಾಲು ದಾಟಿಸಬೇಕಿಲ್ಲ. ಇದು ಸಂಭ್ರಮದ ಮಾತೇ. ಅದೇ ವರ್ಷದ ಜೂನಿನಲ್ಲಿ ದಂಡಿನ ಸ್ಟೇಷನ್ನಿನ ಪುನರ್ನಿರ್ಮಾಣಕ್ಕೆ ಶಂಕುಸ್ಥಾಪನೆಯೂ ಆಯಿತು. ಹೊಸದು ಬೇಕು. ಇಷ್ಟು ಜನ ಓಡಾಡುವ ಊರಿಗೆ ನೂರೈವತ್ತು ವರ್ಷದ ಹಿಂದಿನ ಅಳತೆ ಸಾಲದು.

ಹೊಸದನ್ನು ಕಟ್ಟುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಸಿಟಿ ಸ್ಟೇಷನ್ನಿನಲ್ಲಿ ಶಂಕುಸ್ಥಾಪನೆಯ, ಉದ್ಘಾಟನೆಯ ಫಲಕಗಳಿವೆ. ಧಾತು-ಈಶ್ವರದ ಬರದಲ್ಲಿ ಮೈಸೂರು ಮಾರ್ಗದ ಏರಿಗೆ ಮಣ್ಣು ಹೊತ್ತವರನ್ನು ನೆನೆಯುವ ಒಂದು ಕಲ್ಲು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಎರಡು ಗೇಜುಗಳ ನಡುವೆ ಬೆನ್ನು ಸವೆಸಿದ ಹಮಾಲರನ್ನು ನೆನೆಯುವ ಕಲ್ಲೂ ಕಂಡಿಲ್ಲ. ಅವರ ಹೆಸರುಗಳು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಸಂವತ್ಸರದ ಹೆಸರು, ಮಾರ್ಗದ ಹೆಸರು, ಅವರು ಮಾಡಿದ ಕೆಲಸ, ಇಷ್ಟನ್ನು ಕನ್ನಡದಲ್ಲಿ ಕೆತ್ತಿಸಿ ಜನ ಓಡಾಡುವ ಕಡೆ ನಿಲ್ಲಿಸಿದರೆ ಸಾಕು.

ಓದುಗರಲ್ಲೂ ಒಂದು ಕೋರಿಕೆ ಇದೆ. ರೈಲ್ವೆಯಲ್ಲಿ ದುಡಿದ ಅಜ್ಜ-ಮುತ್ತಜ್ಜಂದಿರ ಹಿತ್ತಾಳೆ ಬಿಲ್ಲೆ, ಪಾಸು, ವೇಳಾಪಟ್ಟಿ, ಹಳೆಯ ಫೋಟೋ, ಗೂಡ್ಸ್ ಶೆಡ್ಡಿನ ರಸೀದಿ ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇದ್ದರೆ ರದ್ದಿಗೆ ಹಾಕಬೇಡಿ. 1979ರಿಂದ ನಡೆಯುತ್ತಿರುವ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ಅಲ್ಲಿಗೆ ಒಯ್ದು ತೋರಿಸಿ, ಯಾರದ್ದು, ಯಾವ ಕಾಲದ್ದು ಎಂಬುದನ್ನು ನಿಮ್ಮ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.